ವೀಸಾಕ್ಕೆ ನಡುವೆ ಒಬ್ಬರು ಬೇಕಂತೆ

ನನ್ನ ಗಂಡ ಒಬ್ಬ ನುರಿತ ತಂತ್ರಜ್ಞ ಎಂದು ನಮ್ಮ ಮನೆಯವರೆಲ್ಲ ಒಪ್ಪಿಕೊಂಡದ್ದು ಒಂದು ಭಾನುವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಅಲ್ಲಿಯವರೆಗೆ ಅವರು ಬರೀ ಫ್ರಿಜ್ ರಿಪೇರಿಯವರು. ನೆಂಟರ ಮನೆಯಲ್ಲಿ ಮದುವೆಯಿರಲಿ, ನಾಮಕರಣವಿರಲಿ, ಎಲೆ ಹಾಕುವ ಮೊದಲು ಅವರನ್ನು ಅಡುಗೆಮನೆಗೆ ಕರೆದು, ‘ಇದ್ಯಾಕೋ ಐಸ್ ಕಟ್ತಾ ಇದೆ ನೋಡಪ್ಪಾ’ ಎಂದು ಫ್ರಿಜ್ಜಿನ ಮುಂದೆ ಕೂರಿಸುತ್ತಿದ್ದರು. ಆ ಭಾನುವಾರ ಅವರ ಐಟಿಐ ಗೆಳೆಯನೊಬ್ಬ ಆಸ್ಟ್ರೇಲಿಯಾದಿಂದ ಒಂದು ಫೋಟೊ ಕಳಿಸಿದ. ಬಿಳೀ ವ್ಯಾನು, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಅವನು, ವ್ಯಾನಿನೊಳಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಅವನು ಅಲ್ಲಿ ಮಾಡುವುದೂ ಇದೇ ಕೆಲಸ, ಎಸಿಗೆ ಗ್ಯಾಸ್ ತುಂಬುವುದು. ಆದರೆ ಹಾಗೆ ಗ್ಯಾಸ್ ತುಂಬುವವರಿಗೆ ಸ್ಕಿಲ್ಡ್ ವೀಸಾ ಎಂಬುದೊಂದು ಕೊಟ್ಟು ಹೆಂಡತಿ ಮಕ್ಕಳ ಸಮೇತ ಕರೆಸಿಕೊಳ್ಳುತ್ತಾರೆಂದು ತಿಳಿದ ಮೇಲೆ ನಮ್ಮವರ ಸ್ಥಾನಮಾನ ಒಂದೇ ಊಟದಲ್ಲಿ ಏರಿತು. ಅತ್ತೆ ಕೇಳದೆಯೇ ಇನ್ನೊಂದು ಸೌಟು ಬಸ್ಸಾರು ಬಡಿಸಿದರು.

ನಮ್ಮವರು ಶ್ರೀನಿವಾಸಪುರದ ಹೊರಗಿರುವ ಮಾವಿನ ಪಲ್ಪ್ ಫ್ಯಾಕ್ಟರಿಯಲ್ಲಿ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಾರೆ. ಮಾವಿನ ಕಾಲದಲ್ಲಿ ಅವರು ಮನೆಗೆ ಬರುವುದೇ ಅಪರೂಪ. ಕಾಲ ಮುಗಿದ ಮೇಲೆ ಮನೆಯಿಂದ ಹೊರಗೆ ಹೋಗುವುದು ಅಪರೂಪ. ನಾನು ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಅಲ್ಲಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅದಕ್ಕೆಂದೇ ಬಿಎಸ್ಸಿ ಓದಿದ್ದೇನೆ. ಮಷಿನ್ನುಗಳು ಕೊಡುವ ಲೆಕ್ಕ ಸರಿಯೋ ತಪ್ಪೋ ನೋಡುವುದು, ಸೂಕ್ಷ್ಮದರ್ಶಕದಡಿ ಕ್ರಿಮಿ ಹುಡುಕುವುದು, ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರಿಗೆ ಯಾವುದಕ್ಕೆ ಸಹಿ ಹಾಕುತ್ತಿದ್ದಾರೆಂದು ತಿಳಿಸುವುದು ನನ್ನ ಕೆಲಸ. ಮನೆಯಲ್ಲಿ ಇದಕ್ಕೆ ‘ರಕ್ತ ತೆಗೆಯೋದು’ ಎಂದು ಹೆಸರು. ಆ ಭಾನುವಾರ ಸ್ಕಿಲ್ಲಿನ ಬಗ್ಗೆ ಅಷ್ಟೊಂದು ಚರ್ಚೆಯಾದರೂ ರಕ್ತದ ಮಾತು ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ, ನಾನು ಮೊಸರು ಬಡಿಸುತ್ತಿದ್ದೆ.

ಸುದ್ದಿ ಮುಳಬಾಗಿಲಿಗೆ ಮುಟ್ಟಿತು. ಅಲ್ಲಿ ನಮ್ಮವರ ಅಕ್ಕನ ಗಂಡ ಟೈಲ್ಸ್ ಅಂಗಡಿ ಇಟ್ಟಿದ್ದಾರೆ. ನಮ್ಮವರಿಗೆ ಅವರು ಭಾವ, ನನಗೆ ಅಣ್ಣ. ಈ ಅಣ್ಣ ಜೀವಮಾನದಲ್ಲಿ ಯಾವ ಕೆಲಸವನ್ನೂ ನೇರವಾಗಿ ಮಾಡಿಸಿಕೊಂಡವರಲ್ಲ. ಕರೆಂಟು ಕನೆಕ್ಷನ್ನಿಗೆ ಒಬ್ಬ, ಖಾತೆ ಬದಲಾವಣೆಗೆ ಇನ್ನೊಬ್ಬ, ತಿರುಪತಿ ದರ್ಶನಕ್ಕೆ ಮತ್ತೊಬ್ಬ. ಕೌಂಟರಿನಲ್ಲಿ ನೇರವಾಗಿ ನಿಂತರೆ ಕೆಲಸವಾಗುವ ಕಡೆಯಲ್ಲೂ ಅವರು ಹೊರಗೆ ನಿಂತು ಯಾರನ್ನಾದರೂ ಒಳಗೆ ಕಳಿಸುತ್ತಾರೆ. ಅವರು ಮರುದಿನವೇ ಬಂದು, ಕೋಲಾರದಲ್ಲಿ ಒಬ್ಬ ಏಜೆಂಟ್ ಇದ್ದಾನೆ, ನಮ್ಮವನೇ, ಅರ್ಧ ಕೋಲಾರವನ್ನು ಹೊರದೇಶಕ್ಕೆ ಕಳಿಸಿದ್ದಾನೆ ಎಂದರು. ನಾನು ದಿನಾ ಓಡಾಡುವ ಕೋಲಾರದಲ್ಲಿ ಜನ ಅರ್ಧ ಕಡಿಮೆಯಾದ ಸೂಚನೆಯೇನೂ ಇರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ.

ಏಜೆಂಟರ ಆಫೀಸು ಒಂದು ಬೇಕರಿಯ ಮೇಲಿತ್ತು. ಮೆಟ್ಟಿಲುದ್ದಕ್ಕೂ ಪಫ್ಸಿನ ವಾಸನೆ. ಗಾಜಿನ ಬಾಗಿಲ ಮೇಲೆ ಕಾಂಗರೂ ಚಿತ್ರ, ಅದರ ಹೊಟ್ಟೆಯ ಚೀಲದಲ್ಲಿ ಪದವಿಯ ಟೋಪಿ ಹಾಕಿಕೊಂಡ ಯುವಕ. ಒಳಗೆ ಎಸಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಒಂದು ಹಸಿರು ಬಕೆಟ್ ಇಟ್ಟಿದ್ದರು.

ಏಜೆಂಟರು ಚೆನ್ನಾಗಿ ಮಾತಾಡುತ್ತಿದ್ದರು. ಧೈರ್ಯ ಹೇಳುವಾಗ ಕನ್ನಡ, ಆತ್ಮೀಯತೆಗೆ ತೆಲುಗು, ನಿಯಮಗಳಿಗೆ ಬಂದಾಗ ಇಂಗ್ಲಿಷ್. ಆಸ್ಟ್ರೇಲಿಯಾ ನೋಡಿದ್ದೀರಾ ಎಂದು ಕೇಳಿದೆ. ಬಿಡುವೇ ಸಿಕ್ಕಿಲ್ಲ, ಎಲ್ಲರನ್ನೂ ಕಳಿಸುವುದರಲ್ಲೇ ಆಗಿಹೋಯಿತು ಎಂದರು. ಆಮೇಲೆ ನಮ್ಮವರನ್ನು ನೋಡಿ, “ಮೇಡಂ ಡಿಪೆಂಡೆಂಟ್ ಅಲ್ವಾ ಸರ್?” ಎಂದರು, ಅಂದರೆ ಗಂಡನ ಅರ್ಜಿಗೆ ಅಂಟಿಕೊಂಡು ಹೋಗುವವಳು. ಎದುರಿಗೇ ಕೂತ ನನ್ನ ಬಗ್ಗೆ ಅವರು ಕೇಳಿದ ಮೊದಲ ಮತ್ತು ಕೊನೆಯ ಪ್ರಶ್ನೆ ಅದೇ. ನಮ್ಮವರು ತಲೆಯಾಡಿಸಿದರು. ಅವರ ಗಮನ ಪೂರ್ತಿ ಎಸಿಯ ಮೇಲಿತ್ತು.

ನಮ್ಮವರ ಕೆಲಸ ವರ್ಷದಲ್ಲಿ ಕೆಲವೇ ತಿಂಗಳು ಜೋರು, ಉಳಿದಂತೆ ಅರ್ಧ ಸಂಬಳ ಎಂಬುದು ಗೊತ್ತಾದಾಗ ಏಜೆಂಟರು ಒಂಚೂರೂ ಕಳವಳಗೊಳ್ಳಲಿಲ್ಲ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ತಮಗೆ ಗೊತ್ತಿರುವವರದೊಂದು ಕಂಪನಿ ಇದೆ, ನಮ್ಮವರು ಅಲ್ಲಿ ಅನೇಕ ವರ್ಷಗಳಿಂದ ಸೂಪರ್‌ವೈಸರ್ ಆಗಿದ್ದಾರೆ ಎಂದರು. ಈ ಸುದ್ದಿ ನಮ್ಮವರಿಗೂ ಹೊಸದು. ಅವರಿಗೂ ಮಾಲೂರಿಗೂ ಇದ್ದ ಸಂಬಂಧವೆಂದರೆ, ನಮ್ಮ ಬೀದಿಯ ಗುಡಿಗೆ ಶಿವಾರಪಟ್ಟಣದಿಂದ ಗಣಪತಿ ವಿಗ್ರಹ ತರಲು ಹೋದಾಗ ಅಲ್ಲಿ ನಿಲ್ಲಿಸಿ ಟೀ ಕುಡಿದದ್ದು.

“ನೀವು ಆಸ್ಟ್ರೇಲಿಯಾ ಸರ್ಕಾರದಲ್ಲಿ ರಿಜಿಸ್ಟರ್ ಆಗಿರೋ ಏಜೆಂಟಾ?” ಎಂದು ಕೇಳಿದೆ.

ಅವರು ಗೋಡೆ ತೋರಿಸಿದರು. ಲಕ್ಷ್ಮಿ ಫೋಟೊದ ಪಕ್ಕದಲ್ಲಿ, ಅದಕ್ಕೂ ಒಂದು ಎಳೆ ಮಲ್ಲಿಗೆ ಸಿಕ್ಕಿಸಿಕೊಂಡು, ಜಿಎಸ್‌ಟಿ ಸರ್ಟಿಫಿಕೇಟು ಕೂತಿತ್ತು.

ಒಪ್ಪಂದದ ಕಾಗದ ಮುಂದಿಟ್ಟರು. ಕಟ್ಟಿದ ಹಣ ಯಾವ ಕಾರಣಕ್ಕೂ ವಾಪಸ್ಸಿಲ್ಲ ಎಂಬ ಸಾಲು ಮಾತ್ರ ನನಗೆ ಪೂರ್ತಿ ಅರ್ಥವಾಯಿತು. ಮನೆಗೆ ತೆಗೆದುಕೊಂಡು ಹೋಗಿ ಓದುತ್ತೇವೆಂದೆ. ಹಾಗೆಲ್ಲ ಹೊರಗೆ ಕೊಡುವಂತಿಲ್ಲ, ಇದು ಗುಟ್ಟಿನ ದಾಖಲೆ ಎಂದರು. ನಾವು ಸಹಿ ಹಾಕಬೇಕಾದ ಕಾಗದವನ್ನು ನಮ್ಮಿಂದಲೇ ಗುಟ್ಟಾಗಿಡುವ ಅವರ ನಿಷ್ಠೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅಷ್ಟರಲ್ಲಿ ನಮ್ಮವರಿಗೆ ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿ, ಎಸಿಯ ಮುಚ್ಚಳ ಬಿಚ್ಚಿ, ನೀರು ಹೋಗುವ ಪೈಪನ್ನು ಊದಿ ಕಸ ತೆಗೆದರು. ತೊಟ್ಟಿಕ್ಕುವುದು ನಿಂತಿತು.

“ನೋಡಿ ಮೇಡಂ, ಇಂಥ ಟ್ಯಾಲೆಂಟು ಇಲ್ಲಿ ವೇಸ್ಟಾಗ್ತಾ ಇದೆ,” ಎಂದರು ಏಜೆಂಟರು. ಆ ದಿನ ಆ ಆಫೀಸಿನಲ್ಲಿ ನಿಜವಾಗಿ ನಡೆದ ಕೆಲಸ ಅದೊಂದೇ, ಅದೂ ಬಿಟ್ಟಿ.

ಸಹಿ ಹಾಕದೆ ವಾಪಸ್ಸು ಬಂದದ್ದಕ್ಕೆ ಅಣ್ಣನಿಗೆ ಅವಮಾನವಾಯಿತು. ಬೇಕಾದವರ ಮುಂದೆ ತಮ್ಮ ಮರ್ಯಾದೆ ಹೋಯಿತು, ಹೆಂಗಸರನ್ನು ಕರೆದುಕೊಂಡು ಹೋದರೆ ಹೀಗೇ ಎಂದು ಫೋನಿನಲ್ಲಿ ನಮ್ಮವರಿಗೆ ಹೇಳಿದರಂತೆ. ಅತ್ತೆಗೂ ಸಮಾಧಾನವಿರಲಿಲ್ಲ. ಅವರು ಕೋಪ, ಪ್ರೀತಿ ಎರಡನ್ನೂ ತೆಲುಗಿನಲ್ಲೇ ಹೇಳುವವರು. “ಮಧ್ಯಲೋ ಎವರೋ ಒಕರು ಉಂಡಾಲಿ,” ಎಂದರು, ಅವರೆಕಾಯಿ ಬಿಡಿಸುತ್ತ. ನಡುವೆ ಯಾರಾದರೂ ಒಬ್ಬರು ಇರಬೇಕಂತೆ. ಯಾಕೆ ಎಂದೆ. ಕೆಲಸ ಕೆಟ್ಟರೆ ಬೈಯೋದಕ್ಕೆ ಎಂದರು. ಏಜೆಂಟರ ಬಗ್ಗೆ ನಾನು ಕೇಳಿದ ಎಲ್ಲ ವಾದಗಳಲ್ಲಿ ಇದೊಂದೇ ನನಗೆ ಕೊಂಚ ಸರಿಯೆನಿಸಿತು. ನಾವೇ ಅರ್ಜಿ ಹಾಕಿ ಕೆಟ್ಟರೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಬೈಯಬೇಕಾಗುತ್ತದೆ. ಆದರೆ ಅದನ್ನು ನಾವು ಯಾವ ಶುಲ್ಕವೂ ಇಲ್ಲದೆ ವರ್ಷಗಳಿಂದ ಮಾಡಿಕೊಂಡು ಬಂದಿದ್ದೆವು.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ ದಿನ ನಾನು ಫೋನಿನಲ್ಲಿ ಆ ದೇಶದ ಸರ್ಕಾರದ ವೆಬ್‌ಸೈಟು ಓದತೊಡಗಿದೆ. ಅದು ಏಜೆಂಟರ ಇಂಗ್ಲಿಷಿಗಿಂತ ಸುಲಭವಾಗಿತ್ತು. ಏನು ಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ಬರೆದಿದ್ದರು. ನೋಂದಾಯಿತ ಏಜೆಂಟರ ಹೆಸರು ಹುಡುಕಲು ಒಂದು ಜಾಗವೂ ಇತ್ತು. ಬೇಕರಿ ಮೇಲಿನವರ ಹೆಸರನ್ನು ಮೂರು ನಾಲ್ಕು ಥರ ಬರೆದು ಹುಡುಕಿದೆ, ಸಿಗಲಿಲ್ಲ. ಫೋನು ಮಾಡಿ ಕೇಳಿದರೆ, ಅಲ್ಲಿ ತಮಗೊಬ್ಬ ದೊಡ್ಡವರ ಜೊತೆ ಟೈಅಪ್ ಇದೆ, ಹೆಸರು ಹೇಳುವಂತಿಲ್ಲ ಎಂದರು. ಅವರಲ್ಲಿ ಗುಟ್ಟಿಗೇನೂ ಬರವಿರಲಿಲ್ಲ.

ಅದೇ ಜಾಗದಲ್ಲಿ ಹುಡುಕಿದಾಗ ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿನ ಹೆಸರು ಸಿಕ್ಕಿತು. ಒಂದು ಗಂಟೆ ಮಾತಾಡಲು ಇಷ್ಟು ಎಂದು ಅವರು ಮೊದಲೇ ಹೇಳಿದರು, ಅದಕ್ಕೆ ರಸೀದಿಯನ್ನೂ ಕೊಟ್ಟರು. ಬರೀ ಮಾತಿಗೆ ದುಡ್ಡು ತೆಗೆದುಕೊಳ್ಳುವವರು ಮೋಸಗಾರರೇ ಎಂದು ಅಣ್ಣ ತೀರ್ಪು ಕೊಟ್ಟರು. ನಮ್ಮವರು ಎರಡು ಮನಸ್ಸಿನಲ್ಲೇ ಒಪ್ಪಿದರು. ವಿಡಿಯೊ ಕರೆಯಲ್ಲಿ ಮಾತಾಡುವ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕ್ರಾಪು ಬಾಚಿಕೊಂಡು ಫೋನಿನ ಮುಂದೆ ಕೂತರು. ನಾನು ಪಕ್ಕದಲ್ಲಿ, ನೈಟಿಯ ಮೇಲೊಂದು ವೇಲು ಹೊದ್ದುಕೊಂಡು ಕೂತೆ. ಡಿಪೆಂಡೆಂಟಿಗೆ ಅಷ್ಟು ಸಾಕು ಎಂದುಕೊಂಡಿದ್ದೆ.

ಆ ಹೆಂಗಸು ನಗಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ನಮ್ಮವರ ಓದು, ವಯಸ್ಸು, ಕೆಲಸ, ಇಂಗ್ಲಿಷ್ ಎಲ್ಲ ಕೇಳಿದರು. ಪೂರ್ತಿ ಕೆಲಸವಿಲ್ಲದ ತಿಂಗಳು ಅನುಭವದ ಲೆಕ್ಕಕ್ಕೆ ಬರುವುದಿಲ್ಲ, ನಲವತ್ತು ದಾಟಿದ್ದಕ್ಕೆ ವೀಸಾ ಕೊಡಲು ನೋಡುವ ಅಂಕ ಇಳಿಯುತ್ತದೆ, ಅಲ್ಲಿಯವರು ಕೆಲಸ ಮಾಡಿಸಿ ನೋಡದೆ ಒಪ್ಪುವುದಿಲ್ಲ ಎಂದರು. ಮಾಲೂರಿನ ಸೂಪರ್‌ವೈಸರ್ ವಿಷಯವನ್ನು ನಾನು ಬೇಕೆಂದೇ ಎತ್ತಿದೆ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು.

“ಇಲ್ಲಿ ಯಾರು ಬೇಕಾದ್ರೂ ಬೋರ್ಡ್ ಹಾಕ್ಕೋಬಹುದು, ಅದು ತಪ್ಪಲ್ಲ,” ಎಂದರು. “ಆದ್ರೆ ಒಂದು ನೆನಪಿಟ್ಕೊಳಿ. ನಾನು ಸುಳ್ಳು ಕಾಗದ ಹಾಕಿದ್ರೆ ನನ್ನ ರಿಜಿಸ್ಟ್ರೇಷನ್ ಹೋಗುತ್ತೆ. ಅವರು ಹಾಕಿದ್ರೆ ಅವರದೇನೂ ಹೋಗಲ್ಲ, ನಿಮ್ಮದು ಹೋಗುತ್ತೆ. ವರ್ಷಗಟ್ಟಲೆ ಅರ್ಜಿ ಹಾಕೋಕೇ ಬಿಡಲ್ಲ.”

“ಹಂಗಾದ್ರೆ ನಮಗೆ ಆಗಲ್ವಾ ಮೇಡಂ?” ಎಂದರು ನಮ್ಮವರು.

“ಈಗಿರೋ ಹಂಗೆ ಆಗಲ್ಲ.” ಆಮೇಲೆ ಪರದೆಯ ಅಂಚಿನಲ್ಲಿ ಅರ್ಧ ಕಾಣುತ್ತಿದ್ದ ನನ್ನನ್ನು ನೋಡಿ, “ನೀವೇನಮ್ಮಾ ಮಾಡ್ಕೊಂಡಿದೀರಿ?” ಎಂದರು.

ರಕ್ತ ತೆಗೆಯುತ್ತೇನೆ ಎಂದೇ ಬಾಯಿಗೆ ಬಂದಿತ್ತು. ನುಂಗಿಕೊಂಡು ಸರಿಯಾಗಿ ಹೇಳಿದೆ. ಎಷ್ಟು ವರ್ಷದ ಕೋರ್ಸು, ಯಾವ ಯಾವ ವಿಭಾಗದಲ್ಲಿ ಕೆಲಸ, ನಡುವೆ ಬಿಟ್ಟಿದ್ದೀರಾ, ವಯಸ್ಸೆಷ್ಟು ಎಂದು ಒಂದಾದ ಮೇಲೊಂದು ಕೇಳುತ್ತ ಹೋದರು. ನಾನು ವೇಲು ಸರಿಮಾಡಿಕೊಂಡು ಫೋನಿನ ಮುಂದಕ್ಕೆ ಸರಿದೆ. ನಮ್ಮವರು ಬದಿಗೆ ಸರಿದರು.

“ಮತ್ತೆ ಇಷ್ಟೊತ್ತು ಯಾಕೆ ಬರೀ ಅವರ ವಿಷಯ ಮಾತಾಡಿದ್ರಿ?” ಎಂದರು ಆ ಹೆಂಗಸು.

ನನ್ನ ಹೆಸರಿನಲ್ಲಿ ಅರ್ಜಿ ಹಾಕಿದರೆ ಅಂಕ ಸಾಕಾಗುತ್ತದೆ, ಗಂಡ ಜೊತೆಗೆ ಬರಬಹುದು ಎಂದರು. ಗಂಟೆಯ ಕೊನೆಯಲ್ಲಿ ನಾನು ಇನ್ನೊಂದು ವಿಷಯ ಕೇಳಿದೆ. ನನ್ನ ಅರ್ಜಿಯನ್ನು ಅವರೇ ಪೂರ್ತಿ ನೋಡಿಕೊಳ್ಳುತ್ತಾರಾ ಎಂದು. ನೋಡಿಕೊಳ್ಳಬಹುದು, ಆದರೆ ನಿಮ್ಮದರಲ್ಲಿ ತೊಡಕೇನಿಲ್ಲ, ಓದಿಕೊಂಡು ನೀವೇ ಹಾಕಬಹುದು, ಸಿಕ್ಕಿಹಾಕಿಕೊಂಡರೆ ಫೋನು ಮಾಡಿ ಎಂದರು. ಇದನ್ನು ಕೇಳಿದ ಮೇಲೆ ಅವರು ಮೋಸಗಾರರೆಂಬುದರಲ್ಲಿ ಅಣ್ಣನಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಏಜೆಂಟ್ ಬೇಡ ಎನ್ನುವ ಏಜೆಂಟನ್ನು ನಂಬುವುದುಂಟೆ?

ಆದರೆ ಮನೆಯಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆಯೊಂದು ಆಗಿತ್ತು. ಹಿಂದಿನ ವಾರದವರೆಗೆ ಆಸ್ಟ್ರೇಲಿಯಾ ಅಂದರೆ ಒಳ್ಳೆಯ ಗಾಳಿ, ಒಳ್ಳೆಯ ಶಾಲೆ, ನಮ್ಮ ಒಬ್ಬಳೇ ಮಗಳ ಭವಿಷ್ಯ. ಅರ್ಜಿ ನನ್ನ ಹೆಸರಿನಲ್ಲಿ ಎಂದು ಗೊತ್ತಾದ ಕೂಡಲೇ ಅಲ್ಲಿ ಕಾಡಿನ ಬೆಂಕಿ, ಹಾವು, ಮೂಳೆ ಕೊರೆಯುವ ಚಳಿ ಶುರುವಾಯಿತು. ಇಲ್ಲೇ ಏನು ಕಡಿಮೆಯಾಗಿದೆ ಎಂದು ಅಣ್ಣ ಕೇಳಿದರು. “ಏನ್ಲಾ, ಹೆಂಡ್ತಿ ಸೆರಗು ಹಿಡ್ಕೊಂಡು ಫ್ಲೈಟ್ ಹತ್ತೀಯಾ?” ಎಂದು ನಮ್ಮವರನ್ನು ಗೇಲಿ ಮಾಡಿದರು. ಅತ್ತೆ ಮಾತ್ರ ಬೇಡ ಎನ್ನಲಿಲ್ಲ. ಅವರದು ತಮ್ಮ ದೊಡ್ಡ ಮಗನ ಸಂಸಾರದ ಜೊತೆ ಪಕ್ಕದ ಬಾಗಿಲಲ್ಲೇ ವಾಸ, ನಾವು ಹೋದರೆ ನಮ್ಮ ಹಿತ್ತಲಿನ ಕಡೆಯ ಕೋಣೆ ತಮಗೆ ಸಿಗುತ್ತದೆಂಬ ಲೆಕ್ಕ ಅವರಿಗಿತ್ತು.

ನಮ್ಮವರು ಮಾತು ಕಡಿಮೆ ಮಾಡಿದರು. ಕಾಲವಲ್ಲದ ಕಾಲದಲ್ಲೂ ಫ್ಯಾಕ್ಟರಿಗೆ ಹೋಗಿ, ಖಾಲಿ ಕೋಲ್ಡ್ ಸ್ಟೋರೇಜಿನ ಕಂಪ್ರೆಸರುಗಳನ್ನು ಬಿಚ್ಚಿ ಜೋಡಿಸುತ್ತಿದ್ದರಂತೆ. ಕೆಟ್ಟ ಮನುಷ್ಯರಲ್ಲ ಅವರು. ಹುಟ್ಟಿದಾಗಿನಿಂದ ಯಾರೂ ಅವರಿಗೆ ಬದಿಗೆ ಸರಿ ಎಂದಿರಲಿಲ್ಲ, ಅದು ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಒಂದು ಸಂಜೆ ಮಗಳ ಸಮವಸ್ತ್ರ ಮಡಚುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

“ಅಲ್ಲಿ ನಾನೇನಾಗ್ತೀನಿ?” ಎಂದರು.

“ಡಿಪೆಂಡೆಂಟ್,” ಎಂದೆ.

ಇಷ್ಟು ದಿನ ನಾನು ಅದೇ ಆಗಿದ್ದೆ, ಅದರಿಂದ ಯಾರೂ ಸಾಯುವುದಿಲ್ಲ ಎಂದೂ ಸೇರಿಸಿದೆ. ಅವರು ಒಳಗೆ ಬಂದು ಒಂದು ಸಮವಸ್ತ್ರ ತೆಗೆದುಕೊಂಡು ಮಡಚಿದರು. ಕೆಟ್ಟದಾಗಿ ಮಡಚಿದರು. ನಾನು ಮತ್ತೆ ಬಿಚ್ಚಲಿಲ್ಲ. “ಡಿಪೆಂಡೆಂಟಿಗೆ ಕೆಲಸ ಮಾಡೋಕೆ ಬಿಡ್ತಾರಾ?” ಎಂದರು. ಬಿಡುತ್ತಾರೆ, ಓದಿದ್ದೇನೆ ಎಂದೆ. ಅವರ ಮುಖ ಎಷ್ಟೋ ದಿನಗಳ ಮೇಲೆ ಸಡಿಲವಾಯಿತು.

ಆಮೇಲಿನದು ಹೇಳಿದರೆ ಒಂದು ಮಾತು, ಮಾಡಿದರೆ ಒಂದು ವರ್ಷಕ್ಕೂ ಮೇಲೆ. ಬೇಕರಿ ಮೇಲಿನವರೂ ಬೇಡ, ಬೆಂಗಳೂರಿನವರೂ ಪೂರ್ತಿ ಬೇಡ, ನಾವೇ ಹಾಕೋಣ ಎಂದು ನಿರ್ಧರಿಸಿದೆವು. ಲ್ಯಾಬಿನ ಡಾಕ್ಟರ ಬಳಿ ಅನುಭವದ ಪತ್ರ ಕೇಳಿದೆ. ಅವರು ಬೆಚ್ಚಿಬಿದ್ದರು. ನಾನು ಹೋದರೆ ಕೋಲಾರದ ಸಕ್ಕರೆ ಕಾಯಿಲೆಯವರ ಗತಿ ಏನು ಎಂದು ಕೇಳಿದರು. ಸಂಬಳ ಹೆಚ್ಚಿಸಿ ಎಂದು ಕೇಳಿದಾಗಲೆಲ್ಲ ಈ ಗತಿಯ ಯೋಚನೆ ಅವರಿಗೆ ಬಂದಿರಲಿಲ್ಲ. ಹಲವು ಸಲ ಕೇಳಿದ ಮೇಲೆ ಪತ್ರ ಕೊಟ್ಟರು. ನಾನು ಏನೇನು ಮಾಡುತ್ತೇನೆಂದು ಬರೆಯಲು ಅವರಿಗೆ ಗೊತ್ತಿರಲಿಲ್ಲವಾದ್ದರಿಂದ ನನ್ನನ್ನೇ ಕೇಳಿ ಕೇಳಿ ಬರೆದುಕೊಂಡರು. ಬರೆದದ್ದನ್ನು ಓದಿ ನೋಡಿ, “ಇಷ್ಟೆಲ್ಲಾ ಮಾಡ್ತೀಯೇನಮ್ಮ?” ಎಂದರು.

ನನ್ನ ವೃತ್ತಿಯವರಿಗೆ ಆ ದೇಶದವರು ಇಟ್ಟ ಪರೀಕ್ಷೆಯೊಂದಿತ್ತು. ಅದಕ್ಕೆ ಬೆಳಗಿನ ಬಸ್ಸಿನಲ್ಲಿ, ಸಂಜೆಯ ಬಸ್ಸಿನಲ್ಲಿ ಓದಿದೆ. ಮನೆಯಲ್ಲಿ ನಮ್ಮವರು ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಬ್ಯಾಕ್ಟೀರಿಯಾಗಳ ಲ್ಯಾಟಿನ್ ಹೆಸರುಗಳನ್ನು ತೆಲುಗಿನ ರಾಗದಲ್ಲಿ ಎಳೆದು ಓದುತ್ತಿದ್ದರು. ಎಲ್ಲವೂ ಚಿತ್ತೂರಿನ ಕಡೆಯ ನೆಂಟರ ಹೆಸರಿನಂತೆ ಕೇಳಿಸುತ್ತಿದ್ದವು. ಪಕ್ಕದಲ್ಲಿ ಕೂತ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ, ಇತ್ತೀಚೆಗೆ ನೀವು ತೆಗೆದುಕೊಂಡ ಒಂದು ಕಷ್ಟದ ನಿರ್ಧಾರದ ಬಗ್ಗೆ ಮಾತಾಡಿ ಎಂದರು. ಬೇಕರಿ, ಕಾಂಗರೂ, ಹಸಿರು ಬಕೆಟು ಎಲ್ಲ ಹೇಳಿದೆ. ಸಾಕು ಎನ್ನುವವರೆಗೂ ನಿಲ್ಲಿಸಲಿಲ್ಲ. ಒಳ್ಳೆಯ ಅಂಕ ಬಂತು.

ಒಮ್ಮೆ ಮಾತ್ರ ಸಿಕ್ಕಿಹಾಕಿಕೊಂಡೆವು. ನಮ್ಮವರ ಹೆಸರಿನ ಜೊತೆ ಒಂದು ದಾಖಲೆಯಲ್ಲಿ ಅವರ ತಂದೆಯ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು, ಮತ್ತೊಂದರಲ್ಲಿ ಎರಡೂ ಸೇರಿಕೊಂಡಿದ್ದವು. ಹೀಗಾಗಿ ನನ್ನ ಗಂಡ ಒಬ್ಬರೋ ಮೂವರೋ ಎಂಬುದು ಆ ಸರ್ಕಾರಕ್ಕೆ ತಿಳಿಯದಾಯಿತು. ಬೆಂಗಳೂರಿನ ಹೆಂಗಸಿಗೆ ಫೋನು ಮಾಡಿದೆವು. ಯಾವ ಅಫಿಡವಿಟ್ ಬೇಕು ಎಂದು ಅವರು ಅಲ್ಲೇ ಹೇಳಿ, ಇದಕ್ಕೆ ದುಡ್ಡು ಬೇಡ ಎಂದರು. ಇದನ್ನು ನಾನು ಅಣ್ಣನಿಗೆ ತಿಳಿಸಲಿಲ್ಲ. ಅವರಿಗೆ ಆ ಹೆಂಗಸಿನ ಮೇಲೆ ಇನ್ನಷ್ಟು ಅನುಮಾನ ಬರುತ್ತಿತ್ತು.

ವೀಸಾ ಬಂದಾಗ ಮಾವಿನ ಕಾಲ. ನಮ್ಮವರು ಫ್ಯಾಕ್ಟರಿಯಲ್ಲಿದ್ದರು, ಒಂದು ಕಂಪ್ರೆಸರು ಕೈಕೊಟ್ಟು ಲಾರಿಗಟ್ಟಲೆ ಹಣ್ಣು ಹೊರಗೆ ನಿಂತಿತ್ತು. ಫೋನಿನಲ್ಲಿ ಹೇಳಿದೆ. ಸರಿ, ಮೊದಲು ಇದನ್ನ ಓಡಿಸ್ತೀನಿ ಎಂದು ಇಟ್ಟುಬಿಟ್ಟರು. ಆಮೇಲೆ ಮೈಯೆಲ್ಲ ಗ್ರೀಸ್ ಮಾಡಿಕೊಂಡು ಮನೆಗೆ ಬಂದು, ಪರದೆಯಲ್ಲಿದ್ದ ಮೂರೂ ಹೆಸರನ್ನು ಮೇಲಿಂದ ಕೆಳಕ್ಕೆ ಓದಿದರು. ಮೊದಲು ನನ್ನದು, ಆಮೇಲೆ ಅವರದು, ಕೊನೆಗೆ ಮಗಳದು. ಒಂದು ಸಲ ಅಲ್ಲ, ಹಲವು ಸಲ ಓದಿದರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಗೋಡೆಗೊರಗಿ ನಿಂತೆ. ಅಳು ಬಂತು. ಯಾಕೆಂದು ಇವತ್ತಿಗೂ ಗೊತ್ತಿಲ್ಲ, ಹೋಗುವುದರ ಬಗ್ಗೆ ನನಗೆ ಅಂಥ ಮೋಹವೇನೂ ಇರಲಿಲ್ಲ.

ಈಗ ಹೊರಡಲು ಕೆಲವೇ ವಾರಗಳಿವೆ. ಮುಳಬಾಗಿಲಿನ ಅಂಗಡಿಯಲ್ಲಿ ಕೂತು ಅಣ್ಣ, ತಂಗಿಯಂಥ ನನ್ನನ್ನು ಹೊರದೇಶಕ್ಕೆ ಕಳಿಸಿದ್ದು ತಾವೇ ಎಂದು ಟೈಲ್ಸ್ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಾರೆ. ಅವರ ಮಾತು ಕೇಳಿ ಜನ ನಮ್ಮ ಮನೆಗೆ ಬರುತ್ತಾರೆ. ಟೇಕಲ್ಲಿನಿಂದ ಒಬ್ಬ ಎಲೆಕ್ಟ್ರಿಷಿಯನ್ ಬಂದಿದ್ದ. ಆವನಿಯಿಂದ ಗಂಡ ಹೆಂಡತಿ ಬಂದಿದ್ದರು, ಆಕೆ ನರ್ಸು. ಎಲ್ಲರೂ ಕೇಳುವುದು ಒಂದೇ, ನಿಮ್ಮ ಏಜೆಂಟ್ ಯಾರು ಎಂದು. ನಾವೇ ಹಾಕಿದೆವು ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆವನಿಯ ಗಂಡ ಬಲು ವಿನಯದಿಂದ, “ಹೇಳೋಕಾಗ್ದಿದ್ರೆ ಬೇಡ ಬಿಡಕ್ಕ, ನಮಗೂ ಅರ್ಥ ಆಗುತ್ತೆ,” ಎಂದು ಎದ್ದ. ಒಳ್ಳೆಯ ಏಜೆಂಟನ್ನು ಬಚ್ಚಿಟ್ಟುಕೊಂಡ ಸ್ವಾರ್ಥಿ ಎಂದು ನನಗೆ ಈ ಕಡೆಯಲ್ಲೆಲ್ಲ ಹೆಸರು ಬಂದಿದೆ.

ಅವನ ಹೆಂಡತಿ ಮಾತ್ರ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಾಗಿಲ ಬಳಿ ಹಿಂದೆ ಉಳಿದಳು. ಆ ವೆಬ್‌ಸೈಟು ಯಾವುದು ಎಂದು ಮೆಲ್ಲಗೆ ಕೇಳಿದಳು. ಅವಳ ಫೋನಿನಲ್ಲೇ ತೆರೆದು ಕೊಟ್ಟೆ. ಗೇಟಿನಾಚೆ ಗಂಡ ಬೈಕು ಸ್ಟಾರ್ಟ್ ಮಾಡಿ ಹಾರನ್ ಹೊಡೆಯುತ್ತಿದ್ದ. ಅವಳು ನಿಂತುಕೊಂಡೇ ಮೊದಲ ಪುಟ ಓದುತ್ತಿದ್ದಳು.